ಪರ್ಸಿ ಧೂಳು, ಪೆನ್‌ಡ್ರೈವ್ ಮತ್ತು ಕಾಕಾನ ಕಿರ್ದಿ

2025 ರ ಅಕ್ಟೋಬರ್ ಮಧ್ಯದಲ್ಲಿ ಒಂದು ದಿನ ಶಹಾಬಾದಿನಿಂದ ಕಾಕಾ ಫೋನ್ ಮಾಡಿದ್ದರು. "ತಮ್ಮಾ, ಕಂಪ್ಯೂಟರ್‌ದಾಗ ಏನೋ ಬರೆದು ತೋರ್ಸಲಾಕತ್ತದ. ವಿಂಡೋಸ್ ಮುಗೀತಂತ. ನಿನ್ನಿ ತನಕ ಛಲೋನೇ ಇತ್ತಲ್ಲೋ! ಮುಗೀತಂದ್ರ ಏನು, ಸತ್ತೋಯ್ತೇನು?"

ಸತ್ತಿಲ್ಲ ಕಾಕಾ, ಇನ್ನು ಮೇಲೆ ಅದಕ್ಕೆ ಔಷಧಿ ಬರಲ್ಲ ಅಷ್ಟೇ ಎಂದೆ. ಅಕ್ಟೋಬರ್ 14 ಕ್ಕೆ ವಿಂಡೋಸ್ 10 ರ ಬೆಂಬಲ ಮುಗಿದಿತ್ತು. ಕಾಕಾನ ಯಂತ್ರ 2014 ರದ್ದು. ವಿಂಡೋಸ್ ಎಕ್ಸ್‌ಪಿ ನಿಂತ ವರ್ಷ ಕೊಂಡದ್ದು, ವಿಂಡೋಸ್ 11 ಅದನ್ನು ಮೂಸಿಯೂ ನೋಡುವುದಿಲ್ಲ. "ಹೊಸಾದು ತಗೋಬೇಕಾಗ್ತದ್ರಿ ಕಾಕಾ" ಎಂದರೆ "ನೋಡಾಮಿ" ಎಂದರು. ಇನ್ನೂ ನೋಡುತ್ತಲೇ ಇದ್ದಾರೆ :) ಸದ್ಯಕ್ಕೆ ಇಂಟರ್ನೆಟ್ ವೈರು ಕಿತ್ತಿಟ್ಟು ಬರೀ ಲೆಕ್ಕ ಬರೆಯಲು ಬಳಸುತ್ತಿದ್ದಾರೆ.

ಫೋನ್ ಇಟ್ಟ ಮೇಲೆ ಒಂದು ಯೋಚನೆ ಬಂತು. ಬೆಂಗಳೂರಿನ ಐಟಿ ಇತಿಹಾಸದ ಬಗ್ಗೆ ಬೇಕಾದಷ್ಟು ಓದಿದ್ದೇನೆ. ಆದರೆ ನಮ್ಮ ಕಡೆಯ ಸಣ್ಣ ಅಂಗಡಿಗೆ ಕಂಪ್ಯೂಟರ್ ಹೇಗೆ ಬಂತು, ಅದಕ್ಕೆ ರೋಗ ಹೇಗೆ ಹತ್ತಿತು, ಯಾರು ರಿಪೇರಿ ಮಾಡಿದರು ಅಂತ ಯಾರಾದರೂ ಬರೆದದ್ದನ್ನು ನಾನಂತೂ ಓದಿಲ್ಲ. ನಾನು ಇತಿಹಾಸಕಾರ ಅಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯುವವನು. ಆದರೂ ನೋಡಿದ್ದು, ಓದಿದ್ದು, ಮನೆಯಲ್ಲಿ ಅನುಭವಿಸಿದ್ದು ಸೇರಿಸಿ ಬರೆಯುತ್ತಿದ್ದೇನೆ.

ಮೈಸೂರು, ಮಂಗಳೂರು ಕಡೆಯ ಗೆಳೆಯರಿಗೆ ಮೊದಲು ಊರುಗಳ ಪರಿಚಯ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದೂ ಕಲಬುರಗಿ ಜಿಲ್ಲೆಯವು. ನೆಲದ ಕೆಳಗೆ ಸುಣ್ಣದ ಕಲ್ಲು, ಮೇಲೆ ತೊಗರಿ. ಶಹಾಬಾದಿನ ಹಾಸುಗಲ್ಲನ್ನು (ನಾವು ಪರ್ಸಿ ಅನ್ನುತ್ತೇವೆ) ನಿಮ್ಮ ಅಜ್ಜನ ಮನೆಯ ನೆಲದಲ್ಲೋ ರೈಲ್ವೆ ಪ್ಲಾಟ್‌ಫಾರ್ಮಿನಲ್ಲೋ ನೀವು ತುಳಿದೇ ಇರುತ್ತೀರಿ. ವಾಡಿಯಲ್ಲಿ 1968 ರಿಂದ ಎಸಿಸಿ ಸಿಮೆಂಟ್ ಕಾರ್ಖಾನೆ ಇದೆ, ಮುಂಬೈ-ಚೆನ್ನೈ ಲೈನಿನಿಂದ ಸಿಕಂದರಾಬಾದಿಗೆ ಹೋಗುವ ಲೈನು ಕವಲೊಡೆಯುವ ಜಂಕ್ಷನ್ನೂ ಅದೇ. ಸೇಡಂನಲ್ಲಿ ಸಿಮೆಂಟು, ಬೇಳೆ ಎರಡೂ. ಪಕ್ಕದ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ ಅಂತ ಬೇರೆ ಹೇಳಬೇಕಿಲ್ಲ. ಚಿಂಚೋಳಿ ಕಾಡು, ಗುಡ್ಡ, ತೆಲಂಗಾಣದ ಗಡಿ.

ಚಿತ್ತಾಪುರದ ಬಗ್ಗೆ ಒಂದು ಮಾತು ಹೆಚ್ಚು ಹೇಳಲೇಬೇಕು. ಊರ ಹತ್ತಿರದ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನ ಇತ್ತು. ಅಲ್ಲಿಯ 1058 ರ ಶಾಸನದಲ್ಲಿ ಓದುವ ಹುಡುಗರ, ಕಲಿಸುವವರ ಜೊತೆಗೆ ಆರು ಜನ ಸರಸ್ವತೀ ಭಂಡಾರಿಗರ ಉಲ್ಲೇಖವೂ ಇದೆ. ಅಂದರೆ ಓಲೆಗರಿ ಕಾಯುವವರು. ಪಾಠ ಹೇಳುವುದು ಅವರ ಕೆಲಸ ಅಲ್ಲ. ಇದ್ದ ಬರಹ ಹುಳ ತಿನ್ನದಂತೆ, ಕಳೆದುಹೋಗದಂತೆ ನೋಡಿಕೊಳ್ಳುವುದಷ್ಟೇ ಕೆಲಸ, ಅದಕ್ಕಾಗಿ ಆರು ಜನ! ನಮ್ಮ ಕಡೆಯ ಅಂಗಡಿಗಳಲ್ಲಿ ಈ ಕೆಲಸಕ್ಕೆ ಇವತ್ತು ಒಬ್ಬನೂ ಇಲ್ಲ. "ಕಂಪ್ಯೂಟರ್ ಹುಡುಗನಿಗೆ ಫೋನ್ ಹಚ್ಚು" ಅನ್ನುವುದೇ ನಮ್ಮ ವ್ಯವಸ್ಥೆ.

ಕಂಪ್ಯೂಟರ್ ಬರುವ ಮುಂಚೆ ಅಂಗಡಿಯ ಲೆಕ್ಕ ಇರುತ್ತಿದ್ದದ್ದು ಕೆಂಪು ಬಟ್ಟೆಯ ರಟ್ಟಿನ ಪುಸ್ತಕದಲ್ಲಿ. ದಿನದ ಲೆಕ್ಕಕ್ಕೆ ಕಿರ್ದಿ, ಆಸಾಮಿವಾರು ಲೆಕ್ಕಕ್ಕೆ ಖತಾವಣಿ. ನಮ್ಮ ಅಜ್ಜನಿಗೆ ಇದರಲ್ಲಿ ಒಂದು ಕಟ್ಟುನಿಟ್ಟು ಇತ್ತಂತೆ. ತಪ್ಪಾದರೆ ಅಳಿಸಬಾರದು, ಗೀಟು ಹಾಕಿ ಪಕ್ಕದಲ್ಲಿ ಬರೆಯಬೇಕು, ಗೀಟಿನ ಕೆಳಗಿನ ಅಂಕಿ ಕಾಣುತ್ತಿರಬೇಕು. ರಾತ್ರಿ ಪುಸ್ತಕ ಮನೆಗೆ ಬರಬೇಕು, ಅಂಗಡಿಯಲ್ಲಿ ಮಲಗಬಾರದು. ಆಫೀಸಿನಲ್ಲಿ ನನ್ನ ಮ್ಯಾನೇಜರು ಆಡಿಟ್ ಲಾಗ್, ಆಫ್‌ಸೈಟ್ ಬ್ಯಾಕಪ್ ಅಂತ ಸ್ಲೈಡ್ ಹಾಕಿ ಅರ್ಧ ಗಂಟೆ ವಿವರಿಸುವಾಗ ನನಗೆ ಅಜ್ಜನೇ ನೆನಪಾಗುತ್ತಾರೆ.

ನಮ್ಮ ಕಡೆ ಕಂಪ್ಯೂಟರು ಜನಸಾಮಾನ್ಯರ ಬದುಕಿಗೆ ತಾಗಿದ್ದು ಅಂಗಡಿಯ ಮೂಲಕ ಅಲ್ಲ, ಪಹಣಿಯ ಮೂಲಕ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿದ್ದ ಕಂದಾಯದ ಕಾಗದಗಳು 1956 ರ ನಂತರ ಕನ್ನಡಕ್ಕೆ ಬಂದವು, 'ಪಹಣಿ' ಅನ್ನುವ ಮಾತು ಮಾತ್ರ ಹಾಗೇ ಉಳಿಯಿತು. ಕರ್ನಾಟಕದಲ್ಲಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ ಮೊದಲ ಪ್ರಯೋಗ ನಡೆದದ್ದು ಎಲ್ಲಿ ಗೊತ್ತೆ? ಬೆಂಗಳೂರಲ್ಲ, ಮೈಸೂರಲ್ಲ. 1991 ರಲ್ಲಿ, ಕೇಂದ್ರ ಸರ್ಕಾರದ ದುಡ್ಡಿನಲ್ಲಿ, ನಮ್ಮ ಗುಲಬರ್ಗಾ ಜಿಲ್ಲೆಯಲ್ಲಿ! ಹಿಂದುಳಿದ ಜಿಲ್ಲೆ ಅಂತ ಎಲ್ಲರೂ ಅನ್ನುತ್ತಿದ್ದ ಊರಿಗೆ ಈ ಒಂದು ಹೆಮ್ಮೆ ಇರಲಿ ಬಿಡಿ.

ಆದರೆ ಆ ಕಾಲದ ಯೋಜನೆಗಳು ಎಡವಿದ ಜಾಗವೂ ಸ್ವಾರಸ್ಯವಾಗಿದೆ. ಹೊಲ ಮಾರಾಟವಾದರೆ, ಅಪ್ಪ ತೀರಿಕೊಂಡು ಮಕ್ಕಳಿಗೆ ಪಾಲಾದರೆ ದಾಖಲೆ ಬದಲಾಗುವುದು ತಾಲೂಕಿನಲ್ಲಿ. ತಾಲೂಕಿನಲ್ಲಿ ಕಂಪ್ಯೂಟರ್ ಇಡುವ ಏರ್ಪಾಡೇ ಆ ಯೋಜನೆಗಳಲ್ಲಿ ಇರಲಿಲ್ಲ. ಒಮ್ಮೆ ಟೈಪ್ ಮಾಡಿದ ಮಾಹಿತಿ ಕೂತಲ್ಲೇ ಹಳತಾಯಿತು. ಯಂತ್ರ ತಂದಿಡುವುದಕ್ಕೆ ಹಣ ಹುಟ್ಟುತ್ತದೆ, ನೋಡಿಕೊಳ್ಳುವುದಕ್ಕೆ ಹುಟ್ಟುವುದಿಲ್ಲ. ಈ ಕಾಯಿಲೆ ಸರ್ಕಾರಕ್ಕೂ ಇತ್ತು, ನಮ್ಮ ಕಾಕಾನಿಗೂ ಇತ್ತು.

ಅದನ್ನು ಸರಿಮಾಡಿದ್ದು 'ಭೂಮಿ'. 2002 ರ ಹೊತ್ತಿಗೆ ರಾಜ್ಯದ ಅಷ್ಟೂ ತಾಲೂಕು ಕಚೇರಿಗಳಿಗೆ ಅದು ಬಂದಿತ್ತು, 177 ತಾಲೂಕು, ಸುಮಾರು 2 ಕೋಟಿ ಪಹಣಿ. 15 ರೂಪಾಯಿ ಕೊಟ್ಟರೆ ಕೈಗೆ ಪ್ರತಿ. ಸೇಡಂ, ಚಿತ್ತಾಪುರ, ಚಿಂಚೋಳಿ ಆಗಲೂ ತಾಲೂಕುಗಳು. ವಾಡಿ, ಶಹಾಬಾದಿನವರು ಪಹಣಿಗೆ ಚಿತ್ತಾಪುರಕ್ಕೇ ಹೋಗಬೇಕಿತ್ತು (ಶಹಾಬಾದ್ ತಾಲೂಕು ಆದದ್ದು ತೀರಾ ಈಚೆಗೆ). ಎಲ್ಲರೂ ಭೂಮಿಯನ್ನು ಹೊಗಳುವುದು ಲಂಚ ತಪ್ಪಿತು ಅಂತ. ನನಗೆ ಮೆಚ್ಚುಗೆಯಾಗುವುದು ಅದರ ಬೀಗದ ವ್ಯವಸ್ಥೆ. ಬರೀ ಪಾಸ್‌ವರ್ಡ್ ಅಲ್ಲ, ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಯಾವ ಬದಲಾವಣೆಯನ್ನು ಯಾರು ಮಾಡಿದರು ಎಂಬುದು ದಾಖಲಾಗುತ್ತದೆ, ನಾಳೆ "ನಾನು ಮಾಡಿಲ್ರಿ" ಅನ್ನುವಂತಿಲ್ಲ. ಬಂದ ಅರ್ಜಿಗಳನ್ನು ಸರದಿ ಪ್ರಕಾರವೇ ತೆಗೆದುಕೊಳ್ಳಬೇಕು. ಕಿಟಕಿಯ ಆಚೆ ನಿಂತ ರೈತನಿಗೂ ಕಾಣುವಂತೆ ಎರಡನೆಯ ಮಾನಿಟರ್. ಇಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆ, ಸರ್ಕಾರಿ ಕಚೇರಿಯಲ್ಲಿ! ಅಜ್ಜನ 'ಗೀಟು ಹಾಕು, ಅಳಿಸಬೇಡ' ಅನ್ನುವ ಕಿರ್ದಿಯನ್ನೇ ಯಾರೋ ಬುದ್ಧಿವಂತರು ಯಂತ್ರಕ್ಕೆ ಕಲಿಸಿದಂತಿತ್ತು.

ತಹಸೀಲ್ ಕಚೇರಿಯ ಒಳಗೆ ಇಷ್ಟು ಬಂದೋಬಸ್ತು. ಗೇಟಿನ ಹೊರಗೆ? ಹೊರಗೆ ಸಾಲಾಗಿ ಜೆರಾಕ್ಸ್ ಅಂಗಡಿಗಳು ಹುಟ್ಟಿದವು. ಅರ್ಜಿ ಟೈಪ್ ಮಾಡಲು ನುಡಿ ಅಥವಾ ಬರಹ, ಲಗ್ನಪತ್ರಿಕೆಗೆ ಡಿಟಿಪಿ, ಒಂದು ಸ್ಕ್ಯಾನರ್, ಒಂದು ಪ್ರಿಂಟರ್. ನಾನು ನೋಡಿದ ಅಂಗಡಿಗಳಲ್ಲೆಲ್ಲ ವಿಂಡೋಸ್ ಎಕ್ಸ್‌ಪಿ, ದುಡ್ಡು ಕೊಟ್ಟು ತಂದದ್ದಲ್ಲ ಅಂತ ಪ್ರತ್ಯೇಕವಾಗಿ ಹೇಳಬೇಕೆ? ನಕಲಿ ಪ್ರತಿ ಗೊತ್ತಾಗಬಾರದು ಅಂತ ಅಪ್‌ಡೇಟ್ ಬಂದ್ ಮಾಡಿಟ್ಟಿರುತ್ತಿದ್ದರು. ಪಾಸ್‌ವರ್ಡ್ ಇರುತ್ತಿರಲಿಲ್ಲ, ಇದ್ದರೆ ಮಾನಿಟರಿನ ಅಂಚಿಗೆ ಚೀಟಿ ಅಂಟಿಸಿರುತ್ತಿದ್ದರು.

ವೈರಸ್ಸಿನ ಇತಿಹಾಸವೂ ಸಣ್ಣ ಅಂಗಡಿಯಿಂದಲೇ ಶುರುವಾಗುತ್ತದೆ, ಇದು ನನಗೆ ಬಹಳ ಇಷ್ಟವಾದ ಸಂಗತಿ. ಐಬಿಎಂ ಪಿಸಿಗಳಿಗೆ ತಗುಲಿದ ಮೊದಲ ವೈರಸ್ ಎಂದು ಹೆಸರಾದ 'ಬ್ರೈನ್' ಅನ್ನು 1986 ರಲ್ಲಿ ಬರೆದವರು ಲಾಹೋರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಬಾಸಿತ್ ಮತ್ತು ಅಮ್ಜದ್ ಅಲ್ವಿ ಎಂಬ ಅಣ್ಣತಮ್ಮಂದಿರು. ಅದರೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಬರೆದಿದ್ದರು! ಇತ್ತ ಪುಣೆಯಲ್ಲಿ (ವಾಡಿಯಿಂದ ಅದೇ ಮುಂಬೈ ಲೈನಿನಲ್ಲಿ ಹೋದರೆ ಸಿಗುವ ಪುಣೆ) ಕ್ಯಾಲ್ಕ್ಯುಲೇಟರ್ ರಿಪೇರಿ ಅಂಗಡಿ ಇಟ್ಟಿದ್ದವರು ಕೈಲಾಶ್ ಕಾಟ್ಕರ್. ರಿಪೇರಿಗೆ ಬರುವ ಕಂಪ್ಯೂಟರುಗಳಲ್ಲಿ ವೈರಸ್ ಕಾಟ ಹೆಚ್ಚಾದಾಗ ಅವರ ತಮ್ಮ ಸಂಜಯ್ ಅದನ್ನು ತೊಳೆಯುವ ಪ್ರೋಗ್ರಾಂ ಬರೆದರು. 1995 ರಲ್ಲಿ ಅದು ಕ್ವಿಕ್ ಹೀಲ್ ಆಗಿ ಮಾರುಕಟ್ಟೆಗೆ ಬಂತು. ಅಲ್ಲಿ ಅಣ್ಣತಮ್ಮ, ಇಲ್ಲಿ ಅಣ್ಣತಮ್ಮ. ರೋಗ ಹುಟ್ಟಿದ್ದೂ ಅಂಗಡಿಯಲ್ಲಿ, ಔಷಧಿ ಅರೆದದ್ದೂ ಅಂಗಡಿಯಲ್ಲಿ.

ನನಗೆ ಬುದ್ಧಿ ಬರುವ ಹೊತ್ತಿಗೆ ಫ್ಲಾಪಿ ಹೋಗಿ ಪೆನ್‌ಡ್ರೈವ್ ಬಂದಿತ್ತು. ಫಲಿತಾಂಶದ ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಗೆ ಹೋಗಿ ಬಂದರೆ ಪೆನ್‌ಡ್ರೈವಿನಲ್ಲಿದ್ದ ಫೋಲ್ಡರೆಲ್ಲ ಮಾಯ, ಅವುಗಳದೇ ಹೆಸರಿನ, ಅವುಗಳದೇ ಹಳದಿ ಚಿತ್ರದ ಬೇರೆ ಫೈಲುಗಳು ಕೂತಿರುತ್ತಿದ್ದವು. ಒತ್ತಿದರೆ ಮುಗೀತು. ಆಗಿನ ವಿಂಡೋಸಿನಲ್ಲಿ ಆಟೋರನ್ ಅಂತ ಒಂದು ಸೌಕರ್ಯ ಇತ್ತಲ್ಲ, ಡ್ರೈವಿನೊಳಗಿನ ಒಂದು ಪುಟ್ಟ ಫೈಲು "ಇದನ್ನು ಓಡಿಸು" ಅಂತ ಹೇಳಿದರೆ ಯಂತ್ರ ಅದರ ಮಾತು ಕೇಳುತ್ತಿತ್ತು. 2008 ರ ನವೆಂಬರಿನಲ್ಲಿ ಬಂದ ಕಾನ್‌ಫಿಕರ್ ಜಗತ್ತಿನಾದ್ಯಂತ ಹರಡಿದ್ದಕ್ಕೆ ಇದೂ ಒಂದು ದಾರಿ. ಮೈಕ್ರೋಸಾಫ್ಟ್ ಎಕ್ಸ್‌ಪಿಯಲ್ಲಿ ಪೆನ್‌ಡ್ರೈವುಗಳ ಮಟ್ಟಿಗೆ ಈ ಬಾಗಿಲು ಮುಚ್ಚುವ ಅಪ್‌ಡೇಟನ್ನು ಎಲ್ಲರಿಗೂ ತಳ್ಳಿದ್ದು 2011 ರ ಫೆಬ್ರುವರಿಯಲ್ಲಿ. ಆದರೆ ನಮ್ಮ ಅಂಗಡಿಗಳಲ್ಲಿ ಅಪ್‌ಡೇಟೇ ಬಂದ್! ಬಾಗಿಲು ಕಳಿಸಿದರು, ಚೌಕಟ್ಟೇ ಇರಲಿಲ್ಲ. ಮೊದಲು ಊರಿಗೊಂದು ಬಾವಿ ಇದ್ದು ಅದರ ನೀರು ಕೆಟ್ಟರೆ ಊರಿಗೆಲ್ಲ ವಾಂತಿಭೇದಿ ಆಗುತ್ತಿತ್ತು. ಜೆರಾಕ್ಸ್ ಅಂಗಡಿಯ ಯುಎಸ್‌ಬಿ ತೂತು ಊರ ಬಾವಿಯಾಗಿತ್ತು.

ಸುರಕ್ಷತೆ ಅಂದರೆ ಬರೀ ವೈರಸ್ ಅಲ್ಲ. ನಮ್ಮ ಕಡೆ ಯಂತ್ರಗಳನ್ನು ಹೆಚ್ಚು ಕೊಂದದ್ದು ಧೂಳು, ಬಿಸಿಲು, ಕರೆಂಟು. ಪರ್ಸಿ ಕೊಯ್ಯುವ, ಪಾಲಿಶ್ ಮಾಡುವ ಕಡೆ ಬಿಳೀ ಹುಡಿ ಎಲ್ಲೆಂದರಲ್ಲಿ ಕೂರುತ್ತದೆ. ಕಾಕಾನ ಸಿಪಿಯು ಬಿಚ್ಚಿದರೆ ಪ್ರೊಸೆಸರಿನ ಮೇಲಿನ ಫ್ಯಾನು ವಿಭೂತಿ ಬಳಿದುಕೊಂಡು ಕೂತ ಸ್ವಾಮಿಗಳ ಹಾಗೆ ಇರುತ್ತಿತ್ತು. ಮಳೆಗಾಲದ ತೇವಕ್ಕೆ ಆ ಹುಡಿ ಗಟ್ಟಿಯಾಗಿ ಬ್ಲೋವರಿಗೂ ಹೋಗುವುದಿಲ್ಲ, ಬ್ರಷ್ ಹಿಡಿದು ಕೆರೆಯಬೇಕು. ಏಪ್ರಿಲ್-ಮೇನಲ್ಲಿ ಹೊರಗೆ 43, 44 ಡಿಗ್ರಿ ಬಿಸಿಲು, ತಗಡಿನ ಸೂರಿನ ಕೆಳಗೆ ಇನ್ನೂ ಹೆಚ್ಚು. ಮಧ್ಯಾಹ್ನ ಯಂತ್ರ ತಾನೇ ಆಫ್ ಆದರೆ "ವೈರಸ್ ಬಂದದ" ಅಂತ ಫಾರ್ಮ್ಯಾಟ್ ಮಾಡಿಸುತ್ತಿದ್ದರು, ಪಾಪ, ಅದಕ್ಕೆ ಸೆಖೆ ಆಗಿರುತ್ತಿತ್ತು ಅಷ್ಟೇ. ಒಮ್ಮೆ ಯುಪಿಎಸ್ ಒಳಗೆ ಹಲ್ಲಿ ಸತ್ತು ಎರಡು ದಿನ ಬಿಲ್ಲಿಂಗ್ ನಿಂತಿತ್ತು. ಇದಕ್ಕೆ ಯಾವ ಆಂಟಿವೈರಸ್ ಇದೆ ಹೇಳಿ!

ಇಂಟರ್ನೆಟ್ ಬಂದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ, ಎಲ್ಲರ ಊರಲ್ಲೂ ಅದು ಒಂದೇ ಕಥೆ. ಮೊದಲು ಡಯಲಪ್, 2005 ರ ನಂತರ ಬ್ರಾಡ್‌ಬ್ಯಾಂಡ್. ಸೈಬರ್ ಕೆಫೆಗಳಿಗೆ 2011 ರ ನಿಯಮದ ಪ್ರಕಾರ ಗಿರಾಕಿಯ ಗುರುತಿನ ಚೀಟಿ ನೋಡಿ, ಹೆಸರು-ಹೊತ್ತು ಬರೆದು, ಒಂದು ವರ್ಷ ಇಟ್ಟುಕೊಳ್ಳಬೇಕಾಯಿತು. ಪಾಸ್‌ವರ್ಡ್ ಇಲ್ಲದ ಕಂಪ್ಯೂಟರಿನ ಪಕ್ಕದಲ್ಲಿ ನೂಲು ಕಟ್ಟಿದ ಪೆನ್ನು, ಹಾಜರಿ ಪುಸ್ತಕ. ಮತ್ತೆ ಕಿರ್ದಿಯೇ!

2017 ಮಾತ್ರ ಸಣ್ಣ ವ್ಯಾಪಾರಿಗಳ ಪಾಲಿಗೆ ಮರೆಯಲಾಗದ ವರ್ಷ. ಮೇ 12 ಕ್ಕೆ ವಾನಾಕ್ರೈ. ನೆಟ್‌ವರ್ಕಿನಲ್ಲಿ ಫೈಲು ಹಂಚಿಕೊಳ್ಳುವ ವಿಂಡೋಸಿನ ಹಳೇ ವ್ಯವಸ್ಥೆಯ ತೂತಿನಿಂದ ನುಗ್ಗಿ, ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನೇ ಹಾರಿ, ಫೈಲುಗಳಿಗೆ ಬೀಗ ಜಡಿದು 300 ಡಾಲರ್ ಕೇಳಿತು. ತೇಪೆ ಮಾರ್ಚ್ 14 ಕ್ಕೇ ಬಂದಿತ್ತು, ಎರಡು ತಿಂಗಳು ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಪಕ್ಕದ ಆಂಧ್ರದಲ್ಲಿ ಪೊಲೀಸರ ಕಂಪ್ಯೂಟರುಗಳಿಗೇ ತಗುಲಿತು. ಜುಲೈ 1 ಕ್ಕೆ ಜಿಎಸ್‌ಟಿ. ಅಲ್ಲಿಯ ತನಕ ಕಂಪ್ಯೂಟರ್ ಬೇಡ ಅಂತ ಇದ್ದವರೂ ಓಟಿಪಿ, ರಿಟರ್ನ್ಸ್ ಅಂತ ಇಂಟರ್ನೆಟ್ಟಿಗೆ ಬರಲೇಬೇಕಾಯಿತು. ಈಜು ಕಲಿಸದೆ ಕಾಗಿಣಾಕ್ಕೆ ತಳ್ಳಿದ ಹಾಗೆ. ಅದೇ ಜುಲೈ ಕೊನೆಯಲ್ಲಿ ಕರ್ನಾಟಕ ವೃತ್ತದಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಮಾಲ್‌ವೇರ್ ದಾಳಿಗೆ ಸಿಕ್ಕವು, ಸುಮಾರು 60,000 ಮೋಡೆಮ್ ಅಂತ ಸುದ್ದಿ ಬಂತು. ಕಾರ್ಖಾನೆಯಿಂದ ಬಂದಾಗಿನ 'ಅಡ್ಮಿನ್' ಎಂಬ ಪಾಸ್‌ವರ್ಡನ್ನು ಬದಲಿಸದೇ ಬಿಟ್ಟವು ಕೆಟ್ಟವು. ಬ್ರಿಕರ್‌ಬಾಟ್ ಎಂಬ ಮಾಲ್‌ವೇರ್ ಬರೆದವನು "ಮಾಡಿದ್ದು ನಾನೇ" ಎಂದ. ಬೀಗ ಹಾಕದ ಮನೆಗಳನ್ನು ಕಳ್ಳರು ಹೊಕ್ಕಾರೆಂದು ತಾನೇ ಮೊದಲು ಕೆಡವುತ್ತೇನೆ ಅನ್ನುವ ಜಾತಿಯವನು. ಇಂಥ ಉಪಕಾರಿಗಳಿಂದ ದೇವರೇ ಕಾಪಾಡಬೇಕು.

ಇನ್ನು ನಮ್ಮ ಮನೆಯ ಕಥೆ.

2019 ರ ಜುಲೈ. ನನ್ನ ಕೊನೇ ಸೆಮಿಸ್ಟರ್ ಮುಗಿದು ಕೆಲಸಕ್ಕೆ ಸೇರುವ ಪತ್ರ ಕಾಯುತ್ತಿದ್ದೆ. ಕಾಕಾನ ಅಂಗಡಿಯ ಲೆಕ್ಕದ ತಂತ್ರಾಂಶ ಏನೋ ತಕರಾರು ಮಾಡಿತ್ತು. ಊರಿನ ಕಂಪ್ಯೂಟರ್ ಹುಡುಗ (ಒಳ್ಳೆಯವನೇ, ಹೆಸರು ಬೇಡ) ಪೆನ್‌ಡ್ರೈವಿನಲ್ಲಿ ಅದರ ಕ್ರ್ಯಾಕ್ ಪ್ರತಿ ತಂದ. ಆಂಟಿವೈರಸ್ ಕೂಗಿತು. "ಕ್ರ್ಯಾಕಿಗೆ ಅದು ಹಂಗೇ ಒದರ್ತದ್ರಿ" ಅಂತ ಅದನ್ನು ಆಫ್ ಮಾಡಿ ಓಡಿಸಿದ. ಸಂಜೆಗೆ ಎಲ್ಲ ಫೈಲುಗಳ ಬಾಲಕ್ಕೆ ವಿಚಿತ್ರ ಅಕ್ಷರ, ಪ್ರತಿ ಫೋಲ್ಡರಿನಲ್ಲೂ ಒಂದು ಚೀಟಿ. 980 ಡಾಲರ್ ಕೊಡಿ, 72 ಗಂಟೆಯೊಳಗೆ ಆದರೆ 490. ಸ್ಟಾಪ್ ಅಥವಾ ಡಿಜೆವಿಯು ಎಂಬ ರ‍್ಯಾನ್ಸಮ್‌ವೇರ್, ಕ್ರ್ಯಾಕ್‌ಗಳ ಬೆನ್ನೇರಿ ಹರಡುವುದೇ ಅದರ ಕಸುಬು. ಬ್ಯಾಕಪ್ ಇತ್ತೆ ಅಂತ ಕೇಳುತ್ತೀರಿ. ಇತ್ತು. ಅದೇ ಕಂಪ್ಯೂಟರಿನ ಡಿ ಡ್ರೈವಿನಲ್ಲಿ.

ಐದು ವರ್ಷದ ಲೆಕ್ಕ. ಪರ್ಸಿ ವ್ಯಾಪಾರದಲ್ಲಿ ಮುಕ್ಕಾಲು ಪಾಲು ಉದ್ರಿ. ಮೇಸ್ತ್ರಿಗಳು ಲೋಡು ಒಯ್ಯುತ್ತಾರೆ, ಮನೆ ಮುಗಿದ ಮೇಲೆ ಕೊಡುತ್ತಾರೆ. ಯಾರು ಎಷ್ಟು ಕೊಡಬೇಕು ಅನ್ನುವುದು ಆ ಫೈಲುಗಳಲ್ಲೇ ಇತ್ತು. ಕಿರ್ದಿ ಬರೆಯುವುದನ್ನು ಕಾಕಾ 2014 ರಲ್ಲೇ ಬಿಟ್ಟಿದ್ದರು, "ಕಂಪ್ಯೂಟರ್ ಅದ ಅಲ್ಲ" ಅಂತ. ಬಿಡಿಸಿದ್ದು ನಾನೇ, ಆಗ ನನಗೆ ಹದಿನೇಳು ವರ್ಷ, ಜಗತ್ತಿನ ಬುದ್ಧಿಯೆಲ್ಲ ನನಗೇ ಇತ್ತು. ತಂಗಿಯ (ಕಾಕಾನ ಮಗಳ) ಲಗ್ನ ಆ ಫೆಬ್ರುವರಿಗೆ ಗೊತ್ತಾಗಿತ್ತು, ಉದ್ರಿ ವಸೂಲಿಯ ಮೇಲೆಯೇ ಲೆಕ್ಕ ಹಾಕಿ. ಆ ರಾತ್ರಿ ಕಾಕಾ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ದುಡ್ಡು ಕೊಡಬಾರದು ಅಂತ ತೀರ್ಮಾನಿಸಿದೆವು. ಆಗ ಕಣ್ಣಿಗೆ ಬಿದ್ದದ್ದು ಆ ಚೀಟಿಯ ಕೊನೆಯ ಸಾಲು. ಅದರಲ್ಲೊಂದು ಗುರುತಿನ ಸಂಖ್ಯೆ, ಅದರ ತುದಿಯಲ್ಲಿ 'ಟಿ1'. ಈ ಮಾಲ್‌ವೇರ್ ತನ್ನ ಒಡೆಯನ ಸರ್ವರಿಗೆ ಫೋನ್ ಹಚ್ಚಿ ಪ್ರತಿ ಯಂತ್ರಕ್ಕೂ ಬೇರೆ ಬೀಗದಕೈ ತರಿಸಿಕೊಳ್ಳುತ್ತದೆ. ಸಂಪರ್ಕ ಸಿಗದಿದ್ದರೆ ಮಾತ್ರ ತನ್ನೊಳಗೇ ಇರುವ ಒಂದು ಸಾಮಾನ್ಯ ಕೀಲಿ ಬಳಸುತ್ತದೆ, ಅದರ ಗುರುತೇ ಟಿ1. ಅವತ್ತು ನಮ್ಮ ಲೈನ್ ಸತ್ತಿತ್ತು! ಇಂಟರ್ನೆಟ್ ಇಲ್ಲ ಅಂತಲೇ ಹುಡುಗ ಪೆನ್‌ಡ್ರೈವಿನಲ್ಲಿ ತಂದದ್ದು. ಆ ಸಾಮಾನ್ಯ ಕೀಲಿ ಯಾರಿಗಾದರೂ ಒಮ್ಮೆ ಸಿಕ್ಕರೆ ಎಲ್ಲರ ಬೀಗವೂ ತೆರೆಯುತ್ತದೆ. ಹಾಗಾಗಿ ಹಾರ್ಡ್‌ಡಿಸ್ಕ್ ಬಿಚ್ಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಟ್ರಂಕಿನಲ್ಲಿಟ್ಟೆವು. ಬೇರೆ ಡಿಸ್ಕ್ ಹಾಕಿ ಅಂಗಡಿ ಶುರು ಮಾಡಿದೆವು.

ಕಾಕಾ ಕಲಬುರಗಿಯಿಂದ ಒಂದು ಕೆಂಪು ಪುಸ್ತಕ ತಂದರು. ಮೂರು ತಿಂಗಳು ಮೇಸ್ತ್ರಿಗಳು, ಗಿರಾಕಿಗಳು ಬಂದಾಗಲೆಲ್ಲ "ನಮ್ಮ ಲೆಕ್ಕ ಹೋಗ್ಯಾದಪ್ಪ, ನಿಂದು ಎಷ್ಟದ ನೀನೇ ಹೇಳು" ಅಂತ ಕೇಳಿ ಅವರು ಹೇಳಿದ್ದನ್ನು ಬರೆದುಕೊಂಡರು. ಲೆಕ್ಕ ಹೋಗಿದೆ ಅಂತ ಹೇಳಬೇಡಿ ಕಾಕಾ, ಇದೆ ಅನ್ನಿ ಅಂತ ನಾನು ಎಷ್ಟೋ ಹೇಳಿದೆ. "ಸುಳ್ಳು ಹೇಳಿ ಕೇಳಿದ್ರ ಖರೇ ಹೇಳ್ತಾರೇನೋ?" ಅಂದರು.

2019 ರ ಅಕ್ಟೋಬರ್ 18 ಕ್ಕೆ ಎಮ್ಸಿಸಾಫ್ಟ್ ಸಂಸ್ಥೆ ಈ ರ‍್ಯಾನ್ಸಮ್‌ವೇರಿನ ನೂರಕ್ಕೂ ಹೆಚ್ಚು ತಳಿಗಳನ್ನು ಬಿಡಿಸುವ ಉಪಕರಣವನ್ನು ಬಿಟ್ಟಿ ಕೊಟ್ಟಿತು. ನಾನು ಆಗಲೇ ಬೆಂಗಳೂರಿನಲ್ಲಿದ್ದೆ. ದೀಪಾವಳಿಗೆ ಊರಿಗೆ ಹೋಗುವಾಗ ಅದನ್ನು ಒಯ್ದೆ, ಪೆನ್‌ಡ್ರೈವಿನಲ್ಲಿಯೇ :) ಲಕ್ಷ್ಮೀಪೂಜೆಯ ರಾತ್ರಿ ಟ್ರಂಕಿನಿಂದ ಡಿಸ್ಕ್ ತೆಗೆದು ಹಚ್ಚಿದೆ. ಹೊರಗೆ ಪಟಾಕಿ, ಒಳಗೆ ಒಂದೊಂದೇ ಫೈಲು. ಬೆಳಗಿನ ಜಾವಕ್ಕೆ ಲೆಕ್ಕ ತೆರೆಯಿತು.

ಆಮೇಲಿಂದ ನಮ್ಮ ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ ತಂತ್ರಾಂಶ, ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ಬೇರೆ ಖಾತೆ, ಬದಲಿಸಿದ ರೂಟರ್ ಪಾಸ್‌ವರ್ಡ್, ಬಂದ್ ಮಾಡದ ಅಪ್‌ಡೇಟ್. ಶನಿವಾರ ಸಂಜೆ ಎರಡು ಡಿಸ್ಕಿಗೆ ಪ್ರತಿ, ಒಂದು ಮನೆಯ ಟ್ರಂಕಿಗೆ. ಮುಂದಿನ ದೀಪಾವಳಿಗೆ ಆ ಡಿಸ್ಕಿಗೂ ಕುಂಕುಮ ಹಚ್ಚಿದ್ದರು, ಯುಎಸ್‌ಬಿ ಬಾಯೊಳಗೆ ಹೋಗದಂತೆ ನೋಡಿಕೊಳ್ಳಿ ಅಂತ ನಾನು ಫೋನಿನಲ್ಲಿ ಕೂಗಿದ್ದೆ.

ಆದರೆ ಆ ಬೆಳಿಗ್ಗೆ ಕಾಕಾ ಮೊದಲು ಮಾಡಿದ್ದು ಕೆಂಪು ಪುಸ್ತಕ ಬಿಚ್ಚಿ ಪಕ್ಕದಲ್ಲಿ ಇಟ್ಟದ್ದು. ನಾನು ಕಂಪ್ಯೂಟರಿನಿಂದ ಹೆಸರು ಓದುತ್ತಿದ್ದೆ, ಅವರು ಪುಸ್ತಕದಿಂದ ಅಂಕಿ ಹೇಳುತ್ತಿದ್ದರು. ಹೆಚ್ಚಿನವು ಕೂಡಿದವು. ಏಳೆಂಟು ಜನ ಕಡಿಮೆ ಹೇಳಿದ್ದರು, ಇಬ್ಬರು ಏನೂ ಇಲ್ಲ ಅಂದಿದ್ದರು. ಚಿತ್ತಾಪುರ ಕಡೆಯ ಒಬ್ಬ ಮೇಸ್ತ್ರಿಯ ಅಂಕಿ ಮಾತ್ರ ಕಂಪ್ಯೂಟರಿನಲ್ಲಿದ್ದದ್ದಕ್ಕಿಂತ 1,800 ರೂಪಾಯಿ ಹೆಚ್ಚಿತ್ತು. ಆತ ತಪ್ಪು ಹೇಳಿರಬೇಕು ಅಂದೆ. ಕಾಕಾ ಫೋನ್ ಹಚ್ಚಿದರು.

"ಇಲ್ರಿ ಸಾವ್ಕಾರ್ರ, ಅವತ್ತು ಎರಡನೇ ಲೋಡ್ ಹೇರೋ ಹೊತ್ತಿಗಿ ಕರೆಂಟ್ ಹೋಗಿತ್ತಲ್ರಿ. ಆಮ್ಯಾಲ ಬರಕೋತೀನಿ ಅಂದಿದ್ರಿ ನೀವು."

ಕಾಕಾ ಪುಸ್ತಕದಲ್ಲಿ ಆ ಸಾಲಿನ ಮುಂದೆ ಒಂದು ಚುಕ್ಕೆ ಇಟ್ಟು, ನನ್ನ ಕಡೆ ತಿರುಗಿ, "ಟೈಪ್ ಮಾಡು" ಅಂದರು.